ತೀರಾ ನೆಟ್ಟಗಿನ ಗೆರೆ

ಜನವರಿ ೯, ಸೋಮವಾರ

ವೈರ್ ಕಂಪನಿಯವರು ವರ್ಷವರ್ಷವೂ ಅಂಗಡಿಗೆ ಕೊಡುವ ಡೈರಿ ಇದು. ಯಾರ ಮಿಕ್ಸಿ ಬಂತು, ಯಾರ ಫ್ಯಾನ್ ಹೋಯಿತು ಎಂದು ಮಗ ಇದರಲ್ಲಿ ಬರೆಯುತ್ತಿದ್ದ. ಈ ವರ್ಷ ಬರೆಯುವವನೇ ಏಣಿಯಿಂದ ಬಿದ್ದು, ಬಲಭುಜ ಮುರಿದುಕೊಂಡು, ಬೆನ್ನಿಗೂ ಪೆಟ್ಟಾಗಿ ಹಾಸಿಗೆ ಹಿಡಿದಿದ್ದಾನೆ. ಖಾಲಿ ಹಾಳೆ ದಂಡವಾಗಬಾರದೆಂದು ನಾನು ಬರೆಯುತ್ತಿದ್ದೇನೆ. ಯಾರೂ ಓದಬೇಕಾಗಿಲ್ಲ. ಹೊಟ್ಟೆಯೊಳಗಿನದನ್ನು ಎಲ್ಲಾದರೂ ಹೊರಹಾಕಬೇಕಲ್ಲ, ಗೋಡೆಯ ಹತ್ತಿರ ಮಾತಾಡಿದರೆ ಹುಚ್ಚಿ ಅನ್ನುತ್ತಾರೆ.

ಇವತ್ತು ಇನ್‌ಸ್ಪೆಕ್ಟರ್ ಬಂದಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಆಗಲೇ ಗೊತ್ತಾಯಿತು, ಒಳ್ಳೆಯ ಸುದ್ದಿಯಲ್ಲ.

"ನೋಡಿಯಮ್ಮ, ಮೋಟಾರ್ ರಿಪೇರಿ ಅಂಗಡಿ ಅಂದ್ಮೇಲೆ ಪರೀಕ್ಷೆ ಪಾಸಾದವರೊಬ್ಬರು ಅಲ್ಲೇ ನಿಂತು ಕೆಲಸ ಮಾಡ್ತಿರಬೇಕು. ನಿಮ್ಮ ಮಗ ಪಾಸಾಗಿದಾರೆ, ಆದರೆ ಎದ್ದು ನಿಲ್ಲೋ ಹಾಗಿಲ್ಲ. ಮಾರ್ಚ್ ಕೊನೆಗೆ ಮತ್ತೆ ಬರ್ತೀನಿ. ಅಷ್ಟರೊಳಗೆ ಇನ್ನೊಬ್ಬರನ್ನ ತೋರಿಸಿ. ಇಲ್ಲಾಂದ್ರೆ ಶಟರ್ ಎಳೀಬೇಕಾಗುತ್ತೆ."

ನಾನೂ ನನ್ನ ಯಜಮಾನರೂ ಸೇರಿ ತೆರೆದ ಅಂಗಡಿ. ಅವರು ತೀರಿಹೋದ ಮೇಲೂ ಒಂದು ದಿನವೂ ಅಂಗಡಿ ಮುಚ್ಚಿಲ್ಲ. ಫ್ಯಾನಿನ ಕಾಯಿಲ್ ಸುತ್ತಿ ಸುತ್ತಿ ನನ್ನ ಹೆಬ್ಬೆರಳಲ್ಲಿ ಗೀಟು ಬಿದ್ದಿದೆ. ಅದಕ್ಕೆ ಸರ್ಟಿಫಿಕೇಟ್ ಬೇಕಂತೆ! ತರಬೇತಿ ಶಾಲೆಯಲ್ಲಿ ಸಂಜೆ ಕ್ಲಾಸಿದೆಯಲ್ಲ, ನಾನೇ ಸೇರುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿದೆ. ಮಗ ನಕ್ಕ. ನಗಲಿ.

ಆಮೇಲೆ ರಾಣಿಯಮ್ಮ ಬಾಯಿ ಬಿಟ್ಟಳು. ರಾಣಿಯಮ್ಮ ಅಂದರೆ ನನ್ನ ಮಗನ ಹೆಂಡತಿ. ಈ ಹೆಸರು ನಾನು ಮನಸ್ಸಿನಲ್ಲೇ ಇಟ್ಟದ್ದು. "ಅತ್ತೆ, ನಾನೂ ಸೇರ್ತೀನಿ. ಇಬ್ಬರಲ್ಲಿ ಒಬ್ಬರಾದರೂ ಪಾಸಾಗ್ತೀವಲ್ಲ."

ಮಾತು ಸಕ್ಕರೆಯಂತಿತ್ತು. ಆದರೆ ನನಗೇನು ಗೊತ್ತಾಗುವುದಿಲ್ಲವೇ, ಕಣ್ಣು ನನ್ನ ಸೊಂಟದಲ್ಲಿರುವ ಅಂಗಡಿಯ ಬೀಗದ ಕೈ ಮೇಲಿದೆ.

ಜನವರಿ ೧೨, ಗುರುವಾರ

ಮೊದಲ ಕ್ಲಾಸು. ಉದ್ದನೆಯ ಟೇಬಲ್ಲುಗಳು, ಕಾಲು ಕುಂಟುವ ಸ್ಟೂಲುಗಳು, ಮೇಲೆ ಕಿರುಗುಟ್ಟುವ ಫ್ಯಾನ್. ಅದರ ಬೇರಿಂಗ್ ಹೋಗಿದೆ. ವಿದ್ಯುತ್ ಕಲಿಸುವ ಶಾಲೆಯಲ್ಲೇ ಈ ಗತಿ. ಉಳಿದವರೆಲ್ಲ ಮೀಸೆ ಚಿಗುರಿದ ಹುಡುಗರು. ನಮ್ಮನ್ನು ನೋಡಿ ಯಾರದೋ ಫೀಸು ಕಟ್ಟಲು ಬಂದವರು ಅಂದುಕೊಂಡರು.

ಮೇಷ್ಟ್ರಿಗೆ ನನ್ನ ಮಗನ ವಯಸ್ಸಿರಬಹುದು. ಅಂಗಿಯ ತೋಳಿಗೆಲ್ಲ ಸೀಮೆಸುಣ್ಣ. ಒಂದು ಟೇಬಲ್ಲಿಗೆ ಇಬ್ಬರಂತೆ ಕೂರಿಸಿದರು. ಹುಡುಗರೆಲ್ಲ ಜೋಡಿ ಜೋಡಿಯಾಗಿ ಕೂತ ಮೇಲೆ ನಾವಿಬ್ಬರು ಉಳಿದೆವು.

"ನೀವಿಬ್ಬರು ಏನಾಗಬೇಕು?"

"ಅತ್ತೆ ಸೊಸೆ" ಅಂದೆ.

"ಒಂದೇ ಟೇಬಲ್ಲಿಗಾ? ಹಾಗಾದ್ರೆ ಫ್ಯೂಸು ಸ್ವಲ್ಪ ಜಾಸ್ತಿ ತರಿಸಿಡ್ತೀನಿ."

ಇಡೀ ಕ್ಲಾಸು ನಕ್ಕಿತು. ರಾಣಿಯಮ್ಮನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಾನು ನಗಲಿಲ್ಲ.

ಪಾಠ ಮಾತ್ರ ಚೆನ್ನಾಗಿ ಹೇಳಿದರು. ವೋಲ್ಟೇಜ್ ಅಂದರೆ ಹಿಂದಿನಿಂದ ತಳ್ಳುವುದು. ಕರೆಂಟ್ ಅಂದರೆ ಹರಿಯುವುದು. ರೆಸಿಸ್ಟರ್ ಅಂದರೆ ಅಡ್ಡ ನಿಂತು ತಡೆಯುವುದು. ಎರಡರಷ್ಟು ತಳ್ಳಿದರೆ ಎರಡರಷ್ಟು ಹರಿಯುತ್ತದೆ, ತಡೆಯುವುದು ಬದಲಾಗದಿದ್ದರೆ. ತಾಮ್ರದ ತಂತಿ ಕಾದರೆ ತಡೆಯುವುದೂ ಹೆಚ್ಚುತ್ತದಂತೆ. ಮುಖ್ಯ ಪ್ರಯೋಗ ಇದೇ. ವೋಲ್ಟೇಜ್ ಸ್ವಲ್ಪ ಸ್ವಲ್ಪ ಏರಿಸುತ್ತಾ ಪ್ರತಿ ಸಲವೂ ಕರೆಂಟ್ ಎಷ್ಟೆಂದು ಓದಿ ಬರೆದು, ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು, ಗೆರೆ ಎಳೆಯಬೇಕು. ಕೊನೆಯ ಪರೀಕ್ಷೆಯಲ್ಲಿ ಇದನ್ನೇ ಮಾಡಿಸುತ್ತಾರಂತೆ. ಅದಕ್ಕೆ ಮೊದಲು ಕ್ಲಾಸಿನಲ್ಲಿ ಮಾಡಿದ್ದಕ್ಕೆ ಮೇಷ್ಟ್ರ ಸಹಿ ಬೇಕು. ಸಹಿಯಿಲ್ಲದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಅಂಗಡಿಯಿಲ್ಲ.

ಮನೆಯಲ್ಲಿ ತಳ್ಳುವವಳು ನಾನು, ಅಡ್ಡ ನಿಲ್ಲುವವಳು ಯಾರೆಂದು ಬರೆಯಬೇಕಾಗಿಲ್ಲ.

ಜನವರಿ ೧೩, ಶುಕ್ರವಾರ

ಫ್ಯೂಸು ಹೋಯಿತು. ನನ್ನಿಂದಲೇ. ಕರೆಂಟ್ ಅಳೆಯುವ ಅಮ್ಮೀಟರನ್ನು ದಾರಿಯ ನಡುವೆ ಕೂರಿಸಬೇಕು, ಹೋಗುವ ಕರೆಂಟೆಲ್ಲ ಅದರೊಳಗಿಂದಲೇ ಹೋಗಬೇಕು. ನಾನು ಅದನ್ನು ನೇರವಾಗಿ ಸಪ್ಲೈಯ ಎರಡು ತುದಿಗೆ ಸಿಕ್ಕಿಸಿಬಿಟ್ಟೆ. ಟಪ್ ಎಂದಿತು. ಹುಡುಗರು ಚಪ್ಪಾಳೆ ತಟ್ಟಿದರು.

"ಪರವಾಗಿಲ್ಲ ಅತ್ತೆ" ಅಂದಳು ರಾಣಿಯಮ್ಮ. ಇವಳ ಬಾಯಲ್ಲಿ ಬರುವುದು ಎರಡೇ ಮಾತು. ಪರವಾಗಿಲ್ಲ ಅತ್ತೆ, ಚೆನ್ನಾಗಿದೆ ಅತ್ತೆ. ಮದುವೆಯಾಗಿ ಬಂದಾಗಿನಿಂದ ಒಂದು ದಿನವಾದರೂ ಇದು ಸರಿಯಿಲ್ಲ ಅಂದಿದ್ದರೆ ನೆಮ್ಮದಿಯಾಗಿ ಜಗಳವಾಡುತ್ತಿದ್ದೆ. ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ.

ಜನವರಿ ೨೦, ಶುಕ್ರವಾರ

ಮಗನಿಗೆ ವ್ಯಾಯಾಮ ಮಾಡಿಸಲು ಫಿಸಿಯೋ ಬಂದಿದ್ದಳು. ಗಟ್ಟಿ ಹುಡುಗಿ, ಗಟ್ಟಿ ದನಿ. ಕೈ ಎತ್ತಿಸಿ, ಇಳಿಸಿ, ಮತ್ತೆ ಎತ್ತಿಸಿ, ಪ್ರತಿ ಸಲ ಒಂದೇ ಪ್ರಶ್ನೆ: "ನೋವು ಹತ್ತರಲ್ಲಿ ಎಷ್ಟು?"

"ಎರಡು" ಅಂದ.

ಹೋದ ವಾರ ಮೂರಿತ್ತು, ಅದರ ಹಿಂದಿನ ವಾರ ನಾಲ್ಕು. ಮೆಟ್ಟಿಲಿಳಿದ ಹಾಗೆ ಇಳಿಯುತ್ತಿದೆ. ಫಿಸಿಯೋ ಮೆಚ್ಚಿಕೊಂಡು, ಹಾಗಾದರೆ ಭಾರ ಹೆಚ್ಚಿಸೋಣ ಎಂದು ಮರಳಿನ ಚೀಲ ದೊಡ್ಡದು ಮಾಡಿದಳು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಚಿಕ್ಕವನಿದ್ದಾಗಲೂ ಬಿದ್ದರೆ ಅಳುತ್ತಿರಲಿಲ್ಲ ಎಂದು ಅವಳಿಗೆ ಎರಡು ಸಲ ಹೇಳಿದೆ. ರಾಣಿಯಮ್ಮ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದಳು. ಗಂಡ ಹುಷಾರಾಗುತ್ತಿದ್ದಾನೆ ಅಂದರೆ ನಗುವುದಕ್ಕೇನು ಕಷ್ಟವೋ.

ಜನವರಿ ೩೧, ಮಂಗಳವಾರ

ಮುಖ್ಯ ಪ್ರಯೋಗ ಮಾಡಿ ಮುಗಿಸಿದೆವು! ವೋಲ್ಟ್ ಮೀಟರ್ ಓದುವುದು ಅವಳು, ಅಮ್ಮೀಟರ್ ಓದುವುದು ನಾನು.

ಇಲ್ಲೊಂದು ಮಾತು ಬರೆದುಬಿಡುತ್ತೇನೆ, ಇದು ನನ್ನ ಡೈರಿ. ಅಮ್ಮೀಟರಿನ ಗೀಟುಗಳು ನನಗೆ ಕಾಣುವುದಿಲ್ಲ. ಮುಳ್ಳು ಕಾಣುತ್ತದೆ, ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುತ್ತದೆ. ಗೀಟು ಮಾತ್ರ ಇರುವೆಗಳ ಸಾಲಿನಂತೆ ಒಂದರೊಳಗೊಂದು ಸೇರಿಹೋಗುತ್ತದೆ. ಕನ್ನಡಕ ಹಳೆಯದು, ಒಂದು ಕಾಲಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ. ಬರೆಯಲು ಅಡ್ಡಿಯಿಲ್ಲ, ಬರೆಯುವುದು ಕೈಗೆ ಅಭ್ಯಾಸ. ಆದರೆ ಕಣ್ಣು ಕಾಣದು ಅಂದರೆ ಅಂಗಡಿಯಲ್ಲಿ ನಿಲ್ಲುವವಳು ಯಾರು? ರಾಣಿಯಮ್ಮ. ಆ ಮಾತು ನನ್ನ ಬಾಯಿಂದ ಬರುವುದಿಲ್ಲ.

ಅದಕ್ಕೇ ಅಂದಾಜು ಹೊಡೆದೆ. ಪಕ್ಕದ ಟೇಬಲ್ಲಿನ ಹುಡುಗರು ತಮ್ಮದು ನೂರು ಓಮ್ ಎಂದು ಮಾತಾಡಿಕೊಳ್ಳುತ್ತಿದ್ದರು. ನೂರು ಓಮ್ ಅಂದರೆ ಎರಡು ವೋಲ್ಟಿಗೆ ಇಪ್ಪತ್ತು ಮಿಲಿ ಆಂಪಿಯರ್, ನಾಲ್ಕಕ್ಕೆ ನಲವತ್ತು. ಲೆಕ್ಕ ನನಗೆ ಬಾಯಲ್ಲೇ ಬರುತ್ತದೆ. ಅನುಮಾನ ಬರಬಾರದೆಂದು ಒಮ್ಮೆ "ನಲವತ್ತೆರಡು" ಅಂದೆ, ಇನ್ನೊಮ್ಮೆ "ಐವತ್ತೊಂಬತ್ತು" ಅಂದೆ. ಅವಳು ಸುಮ್ಮನೆ ಬರೆದುಕೊಂಡಳು.

ಗೆರೆ ಎಳೆದರೆ, ಅಬ್ಬಾ! ಸ್ಕೇಲಿಗೇ ಬುದ್ಧಿ ಹೇಳುವಷ್ಟು ನೆಟ್ಟಗಿತ್ತು. ಹುಡುಗರ ಚುಕ್ಕೆಗಳೆಲ್ಲ ಗೆರೆಯ ಅತ್ತ ಇತ್ತ ಚೆಲ್ಲಾಡಿದ್ದವು. ನಮ್ಮದರಲ್ಲಿ ಒಂದೂ ಪಕ್ಕಕ್ಕೆ ಹೋಗಿಲ್ಲ. ನನ್ನ ಅಂದಾಜು ಇಷ್ಟು ಸರಿಯಿರುತ್ತದೆಂದು ನನಗೇ ಗೊತ್ತಿರಲಿಲ್ಲ. ಅನುಭವ ಅಂದರೆ ಅದು.

ಫೆಬ್ರವರಿ ೬, ಸೋಮವಾರ

ಮೇಷ್ಟ್ರು ನಮ್ಮ ಹಾಳೆಯನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದರು. ನಾನು ಸೆರಗು ಸರಿಮಾಡಿಕೊಂಡು ಕೂತೆ.

"ಎಲ್ಲರಿಗಿಂತ ಚೆಂದದ ಗೆರೆ. ಐದು ಚುಕ್ಕೆಗಳೂ ಗೆರೆ ಮೇಲೇ ಇವೆ. ಉತ್ತರ ನೂರು ಓಮ್. ಅಮ್ಮಾವ್ರೇ, ಒಂದು ಸಣ್ಣ ತೊಂದರೆ ಏನಂದ್ರೆ, ಅವತ್ತು ನೂರರದು ಸಾಲದೆ ನಿಮ್ಮ ಟೇಬಲ್ಲಿಗೆ ನಾನು ಕೊಟ್ಟಿದ್ದು ನೂರಿಪ್ಪತ್ತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೇ ವಾಸಿಯಿತ್ತು.

ಮೇಷ್ಟ್ರು ದನಿ ಏರಿಸಲಿಲ್ಲ. "ಮೀಟರು ಓದುವಾಗ ಕಣ್ಣು ಸ್ವಲ್ಪ ತಪ್ಪುತ್ತೆ, ಮುಳ್ಳು ಸ್ವಲ್ಪ ನಡುಗುತ್ತೆ. ನಿಜವಾದ ಚುಕ್ಕೆಗಳು ಗೆರೆಯ ಆಚೀಚೆ ಸ್ವಲ್ಪ ಅಲ್ಲಾಡಲೇಬೇಕು. ತೀರಾ ನೆಟ್ಟಗಿದ್ರೆ ನನಗೆ ಮೊದಲು ಬರೋದು ಅನುಮಾನ. ನಾಳೆ ಅಂಗಡಿಯಲ್ಲೂ ಹೀಗೇ ಓದಿದ್ರೆ ಯಾರದೋ ಮನೆ ಮೋಟಾರ್ ಸುಟ್ಟುಹೋಗುತ್ತೆ. ಮತ್ತೆ ಮಾಡಿ. ಸರಿಯಾಗಿ ಮಾಡೋವರೆಗೂ ಸಹಿ ಹಾಕಲ್ಲ."

ಮನೆಯವರೆಗೂ ಒಬ್ಬರ ಮುಖ ಒಬ್ಬರು ನೋಡದೆ ನಡೆದು ಬಂದೆವು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವಯಸ್ಸಾಗಿ ಕಳ್ಳಿ ಅನ್ನಿಸಿಕೊಂಡೆನಲ್ಲ.

ಫೆಬ್ರವರಿ ೭, ಮಂಗಳವಾರ

ಬೆಳಿಗ್ಗೆಯಿಂದ ಒಂದು ವಿಷಯ ತಲೆ ಕೊರೆಯುತ್ತಿತ್ತು. ನಾನು ಬೇಕೆಂದೇ ನಲವತ್ತೆರಡು, ಐವತ್ತೊಂಬತ್ತು ಎಂದು ಹೆಚ್ಚುಕಮ್ಮಿ ಹೇಳಿದ್ದೆ. ಅಂದಮೇಲೆ ಆ ಚುಕ್ಕೆಗಳು ಗೆರೆಯಿಂದ ಸ್ವಲ್ಪವಾದರೂ ಆಚೆ ಇರಬೇಕಿತ್ತು. ಒಂದೂ ಇರಲಿಲ್ಲವಲ್ಲ, ಹೇಗೆ?

ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತಾ ಕೂತಿದ್ದೆ, ಅವಳು ಎದುರು ಬಂದು ನಿಂತಳು. ಕೇಳೇಬಿಟ್ಟೆ. ಅವಳ ಕಣ್ಣು ತುಂಬಿಬಂತು.

"ನೀವು ನಲವತ್ತೆರಡು ಅಂದಾಗ ಮುಳ್ಳು ಮೂವತ್ತಮೂರರ ಹತ್ತಿರ ಇತ್ತು ಅತ್ತೆ. ನಿಮಗೆ ತಪ್ಪು ಅಂತ ಹೇಗೆ ಹೇಳಲಿ? ನಮ್ಮದೂ ನೂರೇ ಅಂತ ನಾನೂ ಅಂದ್ಕೊಂಡಿದ್ದೆ. ಅದಕ್ಕೇ ಲೆಕ್ಕ ಕೂಡಿಬರಲಿ ಅಂತ ವೋಲ್ಟನ್ನೇ ನಾಲ್ಕು ಪಾಯಿಂಟ್ ಎರಡು ಅಂತ ಬರೆದೆ. ಐವತ್ತೊಂಬತ್ತು ಅಂದಾಗ ಐದು ಪಾಯಿಂಟ್ ಒಂಬತ್ತು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ನಾನು ಒಂದು ಕಡೆ ಸುಳ್ಳು ಹೇಳಿದ್ದೇನೆ, ಆ ಸುಳ್ಳಿಗೆ ಸರಿಯಾಗಿ ಇವಳು ಇನ್ನೊಂದು ಕಡೆ ಸುಳ್ಳು ಬರೆದಿದ್ದಾಳೆ. ಎರಡೂ ಸೇರಿ ಗೆರೆ ನೆಟ್ಟಗಾಗಿದೆ. ಇಡೀ ಪ್ರಪಂಚದಲ್ಲಿ ಇಂಥ ಪ್ರಯೋಗವನ್ನು ಅತ್ತೆ ಸೊಸೆ ಬಿಟ್ಟು ಬೇರೆ ಯಾರೂ ಮಾಡಲಾರರು.

ಬೈಯಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ನನಗೆ ಆ ಗೀಟು ಕಾಣಲ್ಲ ಕಣೇ."

"ಗೊತ್ತು ಅತ್ತೆ."

"ಯಾವಾಗಿಂದ ಗೊತ್ತು?"

"ಹೋದ ವರ್ಷ ಸೂಜಿಗೆ ದಾರ ಪೋಣಿಸೋಕೆ ಬಾಗಿಲಾಚೆ ಹೋಗಿ ಬಿಸಿಲಲ್ಲಿ ನಿಂತಿರಲ್ಲ, ಆವಾಗಿಂದ."

ಇಷ್ಟು ದಿನ ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ಸಿಟ್ಟೂ ಬಂತು, ಮೈ ಹಗುರವೂ ಆಯಿತು. ಸಿಟ್ಟನ್ನು ಆಮೇಲೆ ನೋಡಿಕೊಳ್ಳೋಣ ಎಂದು ಚಹಾ ಮಾಡಲು ಎದ್ದೆ. ಇಬ್ಬರಿಗೂ ಮಾಡಿದೆ.

ಫೆಬ್ರವರಿ ೯, ಗುರುವಾರ

ಇವತ್ತು ಫಿಸಿಯೋ ಬಂದಾಗ ನಾನು ಕನ್ನಡಕ ಒರೆಸಿಕೊಂಡು ಮಗನ ಎದುರಿಗೇ ಕೂತೆ.

"ನೋವು ಎಷ್ಟು?"

"ಎರಡು."

ಹಿಂದಿನ ಮೂರು ವಾರವೂ ಎರಡೇ. ಅದಕ್ಕೆ ಮೊದಲು ಮೂರು, ನಾಲ್ಕು, ಐದು ಎಂದು ಒಂದೊಂದೇ ಇಳಿದದ್ದು. ಮೇಷ್ಟ್ರ ಮಾತು ಥಟ್ಟನೆ ನೆನಪಾಯಿತು. ಮುಳ್ಳು ನಡುಗಬೇಕು. ಇವನ ಮುಳ್ಳು ಒಂದು ದಿನವೂ ನಡುಗಿಲ್ಲ.

ಅವನ ಮುಖ ನೋಡಿದೆ. ಮೇಲ್ತುಟಿಯ ಮೇಲೆ ಬೆವರು. ಎಡಗೈ ಹಾಸಿಗೆಯ ಅಂಚನ್ನು ಹಿಡಿದುಕೊಂಡಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಇದೆಲ್ಲ ಇವತ್ತು ಹೊಸದಾಗಿ ಬಂದದ್ದಲ್ಲ. ನಾನು ನೋಡಿರಲಿಲ್ಲ, ಅಷ್ಟೇ.

"ಮಗಾ, ಸರಿಯಾಗಿ ಓದು" ಅಂದೆ.

"ಏನಮ್ಮ?"

"ನಾನೂ ನಿನ್ನ ಹೆಂಡತಿಯೂ ಸುಳ್ಳು ಚುಕ್ಕೆ ಇಟ್ಟು ಕ್ಲಾಸೆದುರಿಗೆ ಮರ್ಯಾದೆ ಕಳ್ಕೊಂಡು ಬಂದಿದೀವಿ. ನೀನೂ ಅದನ್ನೇ ಮಾಡ್ಬೇಡ. ಎಷ್ಟು ನೋವಿದೆ?"

ಬಾಗಿಲ ಹತ್ತಿರ ನಿಂತಿದ್ದ ಅವಳು ಒಳಗೆ ಬಂದು ಅವನ ಕಾಲ ಬಳಿ ಕೂತಳು. "ಹೇಳ್ರೀ" ಅಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು.

"ಎಂಟು" ಅಂದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. "ನೀವಿಬ್ಬರೂ ಅಂಗಡಿ, ಕ್ಲಾಸು ಅಂತ ಸಾಯ್ತಿದ್ದೀರಿ. ನಂದೊಂದು ಬೇರೆ ಯಾಕೆ ಅಂತ…"

ಫಿಸಿಯೋ ಮರಳಿನ ಚೀಲವನ್ನು ಕೆಳಗಿಟ್ಟಳು. "ನೀವು ಎರಡು ಅಂದಿದ್ದಕ್ಕೆ ನಾನು ಭಾರ ಏರಿಸ್ತಾ ಹೋದೆ. ಭುಜದೊಳಗೆ ಊತ ಬಂದಿರುತ್ತೆ. ಇನ್ನು ಭಾರ ಬೇಡ, ಐಸ್ ಇಡಿ, ಮೊದಲಿಂದ ಶುರು ಮಾಡೋಣ."

ಮೊದಲಿಂದ! ಇಷ್ಟು ದಿನ ಬೆವರು ಸುರಿಸಿದ್ದೆಲ್ಲ ನೀರಲ್ಲಿ ಹೋಮ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅವಳೂ ಅಲ್ಲೇ ಅಳುತ್ತಿದ್ದಳು. ಜಾಗ ಚಿಕ್ಕದು, ಒಬ್ಬರ ಭುಜ ಒಬ್ಬರಿಗೆ ತಾಗುತ್ತಿತ್ತು.

ಫೆಬ್ರವರಿ ೧೮, ಶನಿವಾರ

ಹೊಸ ಕನ್ನಡಕ ಬಂತು. ಕಪ್ಪು ಅಂಚಿನದು ನಾನು ಆರಿಸಿದ್ದೆ. ಸೊಸೆ ನೋಡಿ, "ಅತ್ತೆ, ಅದು ಬೇಡ, ಇನ್‌ಸ್ಪೆಕ್ಟರ್ ತರ ಕಾಣ್ತೀರಿ" ಅಂದಳು. ಪಾಪ, ಹೇಳಿದ ಮೇಲೆ ತಾನೇ ಬೆಚ್ಚಿಬಿದ್ದಳು. ಕಂದು ಬಣ್ಣದ್ದು ತೆಗೆದುಕೊಂಡೆ.

ಸಂಜೆ ಪ್ರಯೋಗ ಮತ್ತೆ ಮಾಡಿದೆವು. ಮೇಷ್ಟ್ರು ಅದೇ ನೂರಿಪ್ಪತ್ತರ ರೆಸಿಸ್ಟರ್ ಕೊಟ್ಟರು. ಹೊಸ ಕನ್ನಡಕದಲ್ಲಿ ಅಮ್ಮೀಟರ್ ನೋಡಿದರೆ, ಅಯ್ಯೋ, ಎರಡು ದೊಡ್ಡ ಗೀಟುಗಳ ನಡುವೆ ಹತ್ತು ಸಣ್ಣ ಮನೆಗಳಿವೆ! ಇಷ್ಟು ದಿನ ಅಲ್ಲಿ ಬರೀ ಮಬ್ಬಿತ್ತು.

"ಹದಿನೇಳು."

"ಹದಿನಾರೂವರೆ ಅತ್ತೆ. ನೀವು ಓರೆಯಾಗಿ ನೋಡ್ತಿದೀರಿ. ಮುಳ್ಳಿನ ನೇರಕ್ಕೆ ಬನ್ನಿ."

ನೇರಕ್ಕೆ ಬಗ್ಗಿ ನೋಡಿದೆ. ಹದಿನಾರೂವರೆಯೇ. "ನೀನೂ ವೋಲ್ಟ್ ಎರಡು ಅಂತಿದೀಯ, ಎರಡರ ಗೀಟು ಇನ್ನೂ ಮುಟ್ಟಿಲ್ಲ ನೋಡು" ಅಂದೆ. ಮುಟ್ಟಿರಲಿಲ್ಲ. ಹೀಗೆ ಪ್ರತಿ ಚುಕ್ಕೆಗೂ ಜಗಳ. ಹುಡುಗರು ತಮ್ಮ ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಚುಕ್ಕೆಗಳು ಆಚೀಚೆ ಬಿದ್ದವು. ಒಂದು ಮೇಲೆ, ಒಂದು ಕೆಳಗೆ, ನಡುವೆ ಗೆರೆ. ಉತ್ತರ ನೂರ ಹದಿನೆಂಟು. ಅಯ್ಯೋ ಎರಡು ತಪ್ಪಿತಲ್ಲ ಅಂದೆ. ಮೇಷ್ಟ್ರು ಆಗಲೇ ಸಹಿ ಹಾಕುತ್ತಿದ್ದರು. "ಇದನ್ನ ನಾನು ನಂಬ್ತೀನಿ" ಅಂದರು.

ಮಗ ಇವತ್ತು ಏಳು ಅಂದ. ನಿನ್ನೆಯೂ ಏಳು, ಮೊನ್ನೆ ಆರು.

ಮಾರ್ಚ್ ೩, ಶುಕ್ರವಾರ

ಜೋರು ಕೆಲಸ. ಬೇಸಿಗೆ ಬಂತೆಂದರೆ ಎಲ್ಲರಿಗೂ ಒಮ್ಮೆಗೇ ಫ್ಯಾನ್ ನೆನಪಾಗುತ್ತದೆ. ಸೊಸೆ ಬಿಚ್ಚುತ್ತಾಳೆ, ನಾನು ಸುತ್ತುತ್ತೇನೆ, ಜೋಡಿಸಿದ ಮೇಲೆ ಇಬ್ಬರೂ ಮೀಟರ್ ಹಿಡಿದು ನೋಡುತ್ತೇವೆ. ಹುಡುಗಿಯ ಕೈ ಚುರುಕು. ಇಷ್ಟು ದಿನ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಸಂಜೆ ಚಹಾ ಕುಡಿಯುವಾಗ ಕೇಳಿದೆ, "ನಿಜ ಹೇಳು, ನನ್ನ ಚಹಾ ಹೇಗಿರುತ್ತೆ?"

ಲೋಟವನ್ನು ಕೆಳಗಿಟ್ಟಳು. "ಸಕ್ಕರೆ ಪಾಕ ಇದ್ದಂಗಿರುತ್ತೆ ಅತ್ತೆ."

"ಮೂರು ವರ್ಷದಿಂದ ಚೆನ್ನಾಗಿದೆ ಅಂತ ಕುಡಿದೆಯಲ್ಲೇ!"

"ಅರ್ಧ ಕುಡಿದು ಅರ್ಧ ಗಿಡಕ್ಕೆ ಹಾಕ್ತಿದ್ದೆ."

ಹಿತ್ತಿಲಿನ ಆ ಗಿಡ ಯಾಕೆ ಒಣಗಿತೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಒಳಗಿನಿಂದ ಮಗ ನಗುತ್ತಿದ್ದ. ನಕ್ಕರೆ ಭುಜ ಎಳೆಯುತ್ತದೆ, ಅಯ್ಯಮ್ಮಾ ಎಂದುಕೊಂಡೇ ನಗುತ್ತಿದ್ದ.

ಮಾರ್ಚ್ ೧೩, ಸೋಮವಾರ

ನಾಳೆ ಪರೀಕ್ಷೆ. ಏನೂ ಬರೆಯಲು ತೋಚುತ್ತಿಲ್ಲ. ಕೈ ತಣ್ಣಗಾಗಿದೆ.

ಮಾರ್ಚ್ ೧೪, ಮಂಗಳವಾರ

ಪರೀಕ್ಷೆ ಮಾಡಲು ಹೊರಗಿನವರೊಬ್ಬರು ಬಂದಿದ್ದರು. ವಯಸ್ಸಾದವರು, ಅಷ್ಟು ಸುಲಭಕ್ಕೆ ನಗುವವರಲ್ಲ. ನಮ್ಮ ಟೇಬಲ್ಲಿಗೆ ರೆಸಿಸ್ಟರ್ ಬದಲು ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್ ಬಂತು. ನೋಡಿದ ಕೂಡಲೇ ನನ್ನ ಕೈ ಬೆಚ್ಚಗಾಯಿತು. ನಮ್ಮ ಮನೆಯ ಮಗುವನ್ನು ಪರರ ಮನೆಯಲ್ಲಿ ಕಂಡಂತಾಯಿತು.

ಜೋಡಿಸಿದೆವು. ಅಮ್ಮೀಟರ್ ದಾರಿಯ ನಡುವೆ, ವೋಲ್ಟ್ ಮೀಟರ್ ಕಾಯಿಲಿನ ಎರಡು ತುದಿಗೆ. ಒಂದು ವೋಲ್ಟಿಗೆ ಅರ್ಧ ಆಂಪಿಯರ್. ಎರಡಕ್ಕೆ ಒಂದು. ಮೂರಕ್ಕೆ ಒಂದೂವರೆಗೆ ಕೂದಲೆಳೆ ಕಡಿಮೆ. ಎಲ್ಲ ಸರಾಗ. ನಾಲ್ಕಕ್ಕೆ ಬಂದಾಗ ಶುರುವಾಯಿತು.

"ಒಂದು ಪಾಯಿಂಟ್ ಒಂಬತ್ತು" ಅಂದೆ.

"ನಂಗೆ ಒಂದು ಪಾಯಿಂಟ್ ಎಂಟೂವರೆ ಕಾಣ್ತಿದೆ ಅತ್ತೆ."

"ಈಗ ನೇರಕ್ಕೇ ನೋಡ್ತಿದೀನಿ, ಕನ್ನಡಕ ಹೊಸದು!"

"ಕನ್ನಡಕ ಹೊಸದೇ, ಮುಳ್ಳು ಹಳೇದಲ್ವಾ, ಇನ್ನೊಂದ್ಸಲ ನೋಡಿ."

ಇನ್ನೊಂದು ಸಲ ನೋಡಿದರೆ ಒಂದು ಪಾಯಿಂಟ್ ಎಂಟು. ಲೆಕ್ಕದ ಪ್ರಕಾರ ಎರಡು ಬರಬೇಕು. ನಾವು ಜಗಳವಾಡಿದಷ್ಟೂ ಮುಳ್ಳು ಇಳಿಯುತ್ತಿದೆ! ಹಾಳೆಯಲ್ಲಿ ಇಟ್ಟರೆ ಆ ಚುಕ್ಕೆ ಗೆರೆ ಬಿಟ್ಟು ಕೆಳಗೆ ಬೀಳುತ್ತದೆ, ಸಾಲು ತಪ್ಪಿದ ಕುರಿಯ ಹಾಗೆ. ಎರಡು ಎಂದು ಬರೆದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಪರೀಕ್ಷೆ ಪಾಸು, ಅಂಗಡಿ ಉಳಿಯಿತು. ಪೆನ್ನು ಕೈಯಲ್ಲೇ ಇತ್ತು. ಬರೆಯುವ ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಸೊಸೆ ನನ್ನ ಮುಖ ನೋಡಿದಳು. ಈ ಸಲ ಪರವಾಗಿಲ್ಲ ಅತ್ತೆ ಅನ್ನಲಿಲ್ಲ. "ಬೇಡ ಅತ್ತೆ" ಅಂದಳು.

ಆಮೇಲೆ ನಾನು ಅಂಗಡಿಯಲ್ಲಿ ದಿನಾ ಮಾಡುವ ಕೆಲಸ ಮಾಡಿದೆ. ಸ್ವಿಚ್ ಆರಿಸಿ ಕಾಯಿಲ್ ಮುಟ್ಟಿ ನೋಡಿದೆ. ಚುರುಕ್ ಅಂತು. ಇಷ್ಟು ಹೊತ್ತು ಸ್ವಿಚ್ ಹಾಕಿಯೇ ಇಟ್ಟು ವಾದ ಮಾಡಿದ್ದೇವೆ, ತಂತಿ ಕಾದಿದೆ. ತಾಮ್ರ ಕಾದರೆ ಹೆಚ್ಚು ತಡೆಯುತ್ತದೆ ಎಂದು ಮೇಷ್ಟ್ರು ಹೇಳಿದ್ದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಆರಲು ಬಿಟ್ಟೆವು. ತಣ್ಣಗಾದ ಮೇಲೆ ಸ್ವಿಚ್ ಹಾಕಿ, ಬಾಯಿ ಮುಚ್ಚಿಕೊಂಡು ಥಟ್ಟನೆ ಓದಿದೆವು. ಎರಡಕ್ಕೆ ಸ್ವಲ್ಪವೇ ಕಡಿಮೆ. ಎರಡು ಚುಕ್ಕೆಗಳನ್ನೂ ಹಾಳೆಯಲ್ಲಿ ಇಟ್ಟೆವು.

ಪರೀಕ್ಷಕರು ಬಂದು ಆ ಕೆಳಗಿನ ಚುಕ್ಕೆಯ ಮೇಲೆ ಬೆರಳಿಟ್ಟರು. "ಇದೇನು?"

"ಕಾಯಿಲ್ ಬಿಸಿಯಾಗಿತ್ತು ಸಾರ್. ತಡೆ ಹೆಚ್ಚಾಯ್ತು, ಕರೆಂಟ್ ಇಳೀತು" ಅಂದೆ.

"ಯಾಕೆ ಬಿಸಿಯಾಯ್ತು?"

"ಸ್ವಿಚ್ ಹಾಕಿಟ್ಟು ಜಗಳ ಆಡ್ತಿದ್ವಿ."

"ಯಾರು ಯಾರ ಜೊತೆ?"

"ಇವರು ನಮ್ಮತ್ತೆ" ಅಂದಳು ಸೊಸೆ.

ಅವರು ಸೊಸೆಯನ್ನು ನೋಡಿದರು, ನನ್ನನ್ನು ನೋಡಿದರು, ಆ ಚುಕ್ಕೆಯನ್ನು ನೋಡಿದರು. ತುಟಿ ಸ್ವಲ್ಪ ಅಲುಗಿತು. "ತಿದ್ದದೆ ಬಿಟ್ಟಿದ್ದು ಒಳ್ಳೇದಾಯ್ತು" ಅಂದು ಮುಂದಿನ ಟೇಬಲ್ಲಿಗೆ ಹೋದರು.

ಮಾರ್ಚ್ ೨೯, ಬುಧವಾರ

ಇಬ್ಬರೂ ಪಾಸು!! ಅವಳಿಗೆ ನನಗಿಂತ ಹನ್ನೊಂದು ಅಂಕ ಜಾಸ್ತಿ. ಬರಹದ ಪರೀಕ್ಷೆಯಲ್ಲಿ ಬಂದದ್ದು, ಪ್ರಯೋಗದಲ್ಲಿ ಸರಿಸಮ. ಇದನ್ನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ, ಇಲ್ಲಿಯೂ ಬರೆದಿಡುತ್ತೇನೆ.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದರು. ಈ ಸಲ ಕುರ್ಚಿಯ ಮೇಲೆ ಕೂತರು. ಸೊಸೆ ಚಹಾ ಕೊಟ್ಟಳು, ಸಕ್ಕರೆ ಹದವಾಗಿತ್ತು. "ಒಬ್ಬರು ಸಾಕು ಅಂದ್ರೆ ಇಬ್ಬರಾಗಿದ್ದೀರಿ. ಯಾರ ಹೆಸರು ಹಾಕಲಿ?" ಅಂದರು.

"ಅವಳದು" ಅಂದೆ ನಾನು. "ಅತ್ತೆಯವರದು" ಅಂದಳು ಅವಳು. ಅಷ್ಟೇ, ಹತ್ತಿಕೊಂಡಿತು. ಅವಳ ವಯಸ್ಸು ಚಿಕ್ಕದು, ಇನ್ನೂ ಎಷ್ಟೋ ವರ್ಷ ನಿಲ್ಲುವವಳು ಅಂತ ನಾನು. ಅಂಗಡಿ ಕಟ್ಟಿದವರು ನೀವು ಅಂತ ಅವಳು. ಇನ್‌ಸ್ಪೆಕ್ಟರ್ ಚಹಾ ಮುಗಿಸಿ, ಇಬ್ಬರ ಹೆಸರನ್ನೂ ಬರೆದುಕೊಂಡು ಎದ್ದುಹೋದರು. ಅವರು ಹೋದದ್ದು ನಮಗೆ ಆಮೇಲೆ ಗೊತ್ತಾಯಿತು.

ಶಟರ್ ಎಳೆಯುವಾಗ ಸೊಂಟ ತಡವಿದರೆ ಬೀಗದ ಕೈ ಇಲ್ಲ. ಗಾಬರಿಯಾಗಿ ಅಂಗಡಿಯೆಲ್ಲ ಹುಡುಕಿದೆ. ನೋಡಿದರೆ ನಮ್ಮ ಹುಡುಗಿಯ ಹತ್ತಿರವೇ ಇದೆ. ಪರೀಕ್ಷೆಯ ಮುಂಚಿನಿಂದ ಅವಳೇ ಬೀಗ ಹಾಕುತ್ತಿದ್ದಾಳಂತೆ, ನಾನೇ ಕೊಟ್ಟಿದ್ದಂತೆ. ಯಾವತ್ತು ಕೊಟ್ಟೆನೋ, ನೆನಪೇ ಆಗುತ್ತಿಲ್ಲ. ವಯಸ್ಸಾಯಿತು.

ಏಪ್ರಿಲ್ ೨, ಭಾನುವಾರ

ಮಗ ಏಣಿಯಿಂದ ಬಿದ್ದ ಮೇಲೆ ಇವತ್ತು ಮೊದಲ ಸಲ ಅಂಗಡಿಗೆ ಬಂದ. ಒಂದು ಕಡೆ ನಾನು, ಇನ್ನೊಂದು ಕಡೆ ಅವಳು. ಯಾರೂ ಹಿಡಿಯಬೇಡಿ ಎಂದು ಗೊಣಗುತ್ತಲೇ ಬಂದು ತನ್ನ ಹಳೆಯ ಸ್ಟೂಲಿನ ಮೇಲೆ ಕೂತ. ಬಲಗೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ತಂತಿಯ ತುಂಡೊಂದನ್ನು ಕತ್ತರಿಸಲು ನೋಡಿದ. ಒಂದು ಸಲಕ್ಕೆ ಆಗಲಿಲ್ಲ, ಎರಡನೆಯದಕ್ಕೂ ಆಗಲಿಲ್ಲ. ಮೂರನೆಯ ಸಲಕ್ಕೆ ತುಂಡಾಯಿತು. ತುಂಡು ಹಾರಿಹೋಗಿ ಕೌಂಟರ್ ಕೆಳಗೆ ಬಿತ್ತು. ನಾನು ಬಗ್ಗಿ ಹುಡುಕಿ ತೆಗೆದು, ಈ ಡೈರಿಯೊಳಗೆ ಇಟ್ಟುಕೊಂಡಿದ್ದೇನೆ.

ಏಣಿ ಹತ್ತುವುದು ಇನ್ನು ಆಗದು ಎಂದು ಡಾಕ್ಟರು ಹೇಳಿದ್ದಾರೆ. ಅದನ್ನೂ ಅವನು ನಮ್ಮಿಂದ ಮುಚ್ಚಿಡಲಿಲ್ಲ. ತಾನೇ ಹೇಳಿದ. ಏಣಿಗೇನು, ಅದನ್ನು ನಾನು ಹತ್ತುತ್ತೇನೆ ಅಂದಳು ನಮ್ಮ ಹುಡುಗಿ. ಕೆಳಗೆ ನಾನು ಹಿಡಿದುಕೊಳ್ಳುತ್ತೇನೆ ಅಂದೆ. ಹಾಗಾದರೆ ಬೀಳುವುದು ಗ್ಯಾರಂಟಿ ಅಂದ ಮಗ.

ಮನೆಗೆ ಬಂದ ಮೇಲೆ ಫಿಸಿಯೋ ಕೇಳುವ ಹಾಗೆಯೇ ಕೇಳಿದೆ, "ಎಷ್ಟು?"

ಭುಜವನ್ನು ಒಮ್ಮೆ ತಿರುಗಿಸಿ ನೋಡಿಕೊಂಡ.

"ನಿನ್ನೆ ನಾಲ್ಕಿತ್ತು. ಇವತ್ತು ಐದಮ್ಮ."

ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಒಂದು ಹೆಚ್ಚಾಗಿದೆ. ಇಬ್ಬರಿಗೂ ನಗು ಬಂತು.